ವೆಲ್ಡಿಂಗ್ ಬರಲ್ಲ, ಮನೆ ಒಳಗಿನ ಮೆಟ್ಟಿಲಿಗೆ ರೇಲಿಂಗ್ ನಾವೇ ಮಾಡ್ಕೊಂಡ್ರೆ ಗಟ್ಟಿ ನಿಲ್ಲುತ್ತಾ?

ನಿಲ್ಲುತ್ತೆ. ನಮ್ಮನೇಲಿ ಮೂರು ವರ್ಷದಿಂದ ನಿಂತಿದೆ, ನನಗೂ ವೆಲ್ಡಿಂಗ್ ಬರಲ್ಲ. ಆದ್ರೆ ಮೊದಲನೇ ಸಲ ಮಾಡೋಕೆ ಹೋಗಿದ್ದು ಪೂರ್ತಿ ದಂಡ ಆಯ್ತು, ಅದನ್ನೇ ಮೊದಲು ಹೇಳ್ಬಿಡ್ತೀನಿ.

ವೆಲ್ಡಿಂಗ್ ಸಹವಾಸನೇ ಬೇಡ ಅಂತ ಪ್ಲಂಬಿಂಗ್ ಅಂಗಡಿಗೆ ಹೋಗಿ ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಅದನ್ನ ಜೋಡಿಸೋ ಟೀ (ಮೂರು ಬಾಯಿದು), ಎಲ್ಬೋ (ಮೂಲೆ ತಿರುಗಿಸೋದು), ಫ್ಲೇಂಜು (ಬುಡಕ್ಕೆ ಕೂರಿಸೋ ಬಿಲ್ಲೆ) ಎಲ್ಲ ಹೊತ್ಕೊಂಡು ಬಂದೆ, ಪೈಪಲ್ಲೂ ನೀಲಿ ಪಟ್ಟಿದೇ ಆರಿಸಿ ತಗೊಂಡೆ (ಹಳದಿ ಪಟ್ಟಿದು ತೆಳು, ನೀಲಿ ಮಧ್ಯಮ, ಕೆಂಪು ದಪ್ಪ), ಮನೆಗೆ ಬಂದು ಮೆಟ್ಟಿಲ ಮೇಲೆ ಜೋಡಿಸಿ ನೋಡಿದ್ರೆ ಟೀ ಇರೋದು 90 ಡಿಗ್ರಿ, ನಮ್ಮ ಮೆಟ್ಟಿಲು 7 ಇಂಚು ಎತ್ತರ 10 ಇಂಚು ಅಗಲ, ಅಂದ್ರೆ ಏರೋದು 35 ಡಿಗ್ರಿ. ಎಲ್ಲಿಂದ ಕೂರುತ್ತೆ ಹೇಳಿ. ನನ್ನ ಹೆಂಡ್ತಿ ಒಂದು ಮಾತೂ ಆಡ್ಲಿಲ್ಲ, ಅದೇ ಜಾಸ್ತಿ ಉರೀತು. ಸಮತಟ್ಟು ಜಾಗಕ್ಕೆ ಆ ಪೈಪಿನ ಐಡಿಯಾ ಚೆನ್ನಾಗಿದೆ, ಮೆಟ್ಟಿಲಿಗಲ್ಲ.

ಆಮೇಲೆ ಮಾಡಿದ್ದು ಹೀಗೆ. ಒಂದೂವರೆ ಇಂಚಿನ ಚೌಕ ಕಬ್ಬಿಣದ ಪೈಪು ಕಂಬಕ್ಕೆ, ಅದರ ಬುಡಕ್ಕೆ 4 ಇಂಚು ಚೌಕದ 6 ಎಂಎಂ ಪ್ಲೇಟು. ಈ ಪ್ಲೇಟು ಕೂರಿಸೋದೊಂದು ಕೆಲಸನ ವೆಲ್ಡಿಂಗ್ ಶಾಪಲ್ಲಿ ಮಾಡಿಸ್ಕೊಳ್ಳಿ, ಅರ್ಧ ಗಂಟೆ ಕೆಲಸ. ಹಿಡಿಕೆಗೆ ಸಾಮಿಲ್ಲಲ್ಲಿ ಹೊನ್ನೆ ಮರ ಕೊಯ್ಸಿದೆ. ಹಿಡಿಕೆನ ಕಂಬದ ತಲೆ ಮೇಲೆ ಕೂರಿಸಬೇಡಿ, ಪಕ್ಕಕ್ಕೆ ಬೋಲ್ಟ್ ಹಾಕಿ, ಬೋಲ್ಟ್ ಸುತ್ತ ಮರ ತಿರುಗುತ್ತಲ್ಲ, ಯಾವ ಡಿಗ್ರಿ ಇದ್ರೂ ತಾನೇ ಸರಿಹೋಗುತ್ತೆ, ಕೊನೇಲಿ ಬಿಗಿ ಮಾಡಿದ್ರಾಯ್ತು.

ಇನ್ನು ನಿಜವಾದ ವಿಷಯ ಕಂಬದ ಬುಡ. ಎಲ್ಲರೂ ಪೈಪ್ ದಪ್ಪ ಎಷ್ಟು, ಪಾಲಿಶ್ ಯಾವ್ದು ಅಂತ ಕೇಳ್ತಾರೆ, ಬುಡದ ಬಗ್ಗೆ ಯಾರೂ ಕೇಳಲ್ಲ. 36 ಇಂಚು ಎತ್ತರದಲ್ಲಿ ಒಬ್ಬರು 50 ಕೆಜಿ ಭಾರ ಹಾಕಿ ಒರಗಿದ್ರು ಅಂದ್ಕೊಳ್ಳಿ, ಪ್ಲೇಟಲ್ಲಿ ಬೋಲ್ಟ್‌ಗಳ ನಡುವೆ ಇರೋದು 3 ಇಂಚು, 36 ಭಾಗಿಸು 3 ಅಂದ್ರೆ 12, ಅಂದ್ರೆ ಹಿಂದಿನ ಬೋಲ್ಟುಗಳ್ನ ಹೆಚ್ಚುಕಮ್ಮಿ 600 ಕೆಜಿ ಕೀಳೋಕೆ ನೋಡುತ್ತೆ. ಅದಕ್ಕೇ ಮೇಲ್ಗಡೆ ಹಿಡಿಕೆ ತುದಿನ ಗೋಡೆಗೂ ಬಿಗೀರಿ, ಅರ್ಧ ಅಲ್ಲಾಟ ಅಲ್ಲೇ ನಿಲ್ಲುತ್ತೆ.

ನಿಮ್ಮದು ಗ್ರಾನೈಟ್ ಮೆಟ್ಟಿಲಾದ್ರೆ ಇನ್ನೂ ಹುಷಾರು. ಕಲ್ಲು 20 ಎಂಎಂ, ಅದರಡಿ ಗಾರೆ ಒಂದೂವರೆ ಇಂಚು, ಕಾಂಕ್ರೀಟು ಸಿಗೋದು ಆಮೇಲೆ. ಅಂಗಡಿಯವರು ಕೊಡೋ ಗಿಡ್ಡ ಆ್ಯಂಕರ್ ಬೋಲ್ಟು (ಬಿಗಿ ಮಾಡಿದಂಗೆ ತೂತೊಳಗೆ ಅಗಲ ಆಗಿ ಕಚ್ಚೋದು) ಗಾರೆಯಲ್ಲೇ ಕೂತ್ಬಿಡುತ್ತೆ, ಹಾಕಿದ ದಿನ ಗಟ್ಟಿ, ಆರು ತಿಂಗಳಿಗೆ ಕಟಕಟ. ಉದ್ದದ್ದು ತಗೊಳ್ಳಿ. ಕಲ್ಲಿಗೆ ತೂತು ಹಾಕುವಾಗ ಡ್ರಿಲ್ಲಿನ ಹ್ಯಾಮರ್ (ಕುಟ್ಟೋ ಸ್ವಿಚ್ಚು) ಆಫ್ ಇರ್ಲಿ, ಡೈಮಂಡ್ ಬಿಟ್ ಹಾಕಿ, ಪಕ್ಕದಲ್ಲಿ ಒಬ್ರು ನೀರು ಬಿಡ್ತಾ ಇರ್ಲಿ, ಕಾಂಕ್ರೀಟ್ ಮುಟ್ಟಿದ್ಮೇಲೆ ನೀರು ಒರೆಸಿ, ಡೈಮಂಡ್ ಬಿಟ್ ತೆಗೆದು ಕಾಂಕ್ರೀಟ್ ಬಿಟ್ ಹಾಕಿ, ಹ್ಯಾಮರ್ ಆನ್ ಮಾಡಿ (ಮನೆ ಡ್ರಿಲ್ ಒದ್ದಾಡುತ್ತೆ, ದೊಡ್ಡದು ಒಂದಿನಕ್ಕೆ ಬಾಡಿಗೆಗೆ ತನ್ನಿ). ಮೆಟ್ಟಿಲಂಚಿಗೆ ತೀರಾ ಹತ್ತಿರ ಹಾಕ್ಬೇಡಿ, ಆ್ಯಂಕರ್ ಒಳಗೆ ಅಗಲ ಆಗೋದ್ರಿಂದ ಅಂಚೇ ಸಿಡಿಯುತ್ತೆ. ಅಂಚಲ್ಲೇ ಬೇಕು ಅಂದ್ರೆ ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸೋದು) ಹಾಕಿ, ಆದ್ರೆ ತೂತಲ್ಲಿರೋ ಧೂಳು ಬ್ರಷ್ ಹಾಕಿ, ಊದಿ, ಪೂರ್ತಿ ತೆಗೀಬೇಕು, ಧೂಳಿದ್ರೆ ಅಂಟು ಧೂಳಿಗೆ ಅಂಟುತ್ತೆ, ಕಾಂಕ್ರೀಟಿಗಲ್ಲ.

ಗೋಡೆ ಕಡೆ ಅಮ್ಮನಿಗೋಸ್ಕರ ಇನ್ನೊಂದು ಹಿಡಿಕೆ ಹಾಕಿದೆ. ಅದರ ಎತ್ತರಕ್ಕೆ ಟೇಪೇ ಹಿಡೀಲಿಲ್ಲ. ಮಂಡಿ ನೋವು ಶುರುವಾದಾಗಿಂದ ಅವರು ಗೋಡೆ ಹಿಡ್ಕೊಂಡೇ ಹತ್ತೋದು, ಬಿಳಿ ಡಿಸ್ಟೆಂಪರ್ ಮೇಲೆ ಕೊಬ್ಬರಿ ಎಣ್ಣೆ ಜಿಡ್ಡು ಕೆಳಗಿಂದ ಮೇಲಿನವರೆಗೂ ಓರೆ ಗೆರೆ ಎಳ್ದಂಗೆ ಇತ್ತು. ಆ ಗೆರೆ ಮೇಲೇ ಬ್ರಾಕೆಟ್ ಹೊಡೆದೆ. ಆಮೇಲೆ ಅಳೆದ್ರೆ ಮೆಟ್ಟಿಲ ಮೂಗಿನಿಂದ (ಮುಂದಿನ ಅಂಚಿಂದ) 2 ಅಡಿ 9 ಇಂಚು.

ಮಕ್ಕಳಿದ್ರೆ ಅಡ್ಡಪಟ್ಟಿ ಬೇಡವೇ ಬೇಡ, ಏಣಿ ತರ ಹತ್ತುತ್ವೆ. ಕಂಬದಿಂದ ಕಂಬಕ್ಕೆ ಕೆಳಗೊಂದು ಓರೆ ಪಟ್ಟಿ ಕೊಟ್ಟು, ಅದಕ್ಕೂ ಹಿಡಿಕೆಗೂ ಒಂದಿಂಚಿನ ರೀಪು ನೆಟ್ಟಗೆ ಸ್ಕ್ರೂ ಮಾಡಿ, ಸಂದಿ 4 ಇಂಚು ದಾಟಬಾರ್ದು. ಇಲ್ಲೂ ನಾನೊಂದು ಎಡವಟ್ಟು ಮಾಡ್ದೆ, ಓರೆಯಲ್ಲಿ 5 ಇಂಚಿಗೊಂದು ಗುರುತು ಹಾಕಿದೆ, ನೆಟ್ಟಗೆ ನಿಲ್ಲಿಸಿದಾಗ ಸಂದಿ ಬರೀ 3 ಇಂಚು ಬಂತು, ರೀಪು ಸಾಲದೆ ಮತ್ತೆ ಸಾಮಿಲ್ಲಿಗೆ ಓಡಿದೆ. ಓರೆಯಲ್ಲಿ 6 ಇಂಚಿಗೆ ಗುರುತು ಹಾಕಿ, ಸರಿಯಾಗಿ 4ರ ಒಳಗೆ ಬರುತ್ತೆ.

ಹಿಡಿಕೆ ತುದಿಗಳ್ನ ಗೋಡೆ ಕಡೆ ತಿರುಗಿಸಿ ಮುಗಿಸಿ, ಇಲ್ಲಾಂದ್ರೆ ಸೆರಗು, ಬ್ಯಾಗು ಸಿಕ್ಕಿಹಾಕ್ಕೊಂಡು ಎಳೆಯುತ್ತೆ. ನಿಮ್ಮದು ಗ್ರಾನೈಟಾ, ಟೈಲ್ಸಾ, ಒಂದು ಕಡೆ ಗೋಡೆ ಇದ್ಯಾ ಇಲ್ವಾ, ಅದನ್ನ ಹೇಳಿ, ಎಷ್ಟು ಉದ್ದದ ಬೋಲ್ಟ್ ಬೇಕು ಅಂತ ಲೆಕ್ಕ ಹಾಕೋಣ.