ಬೆಂಕಿ ಬಿದ್ದ ಬಾಡಿಗೆ ಮನೆ: ಬಣ್ಣ ಹೊಡೆಸಿದರೆ ರಿಪೇರಿ ಆಯ್ತಾ?

ಅಡುಗೆಮನೆ ಸುಟ್ಟಿದೆ, ಓನರ್ "ಬಣ್ಣ ಹೊಡೆಸಿಕೊಡ್ತೀನಿ, ಮಿಕ್ಕಿದ್ದು ನೀವೇ ನೋಡ್ಕೊಳ್ಳಿ" ಅಂತಿದ್ದಾರೆ, ಬಾಡಿಗೆ ನಿಲ್ಲಿಸಲಾ ಅಂತ ಕೇಳಿದ್ದೀರಿ. ಈ ಜಗಳ ನನಗೆ ಹೊಸದಲ್ಲ. ನನ್ನ ಕೇಳಿದರೆ, ಬಾಡಿಗೆ ಆಮೇಲಿನ ಮಾತು. ಆ ಮನೆಯಲ್ಲಿ ಮತ್ತೆ ಕರೆಂಟ್ ಹಾಕಬಹುದಾ ಅನ್ನೋದೇ ಮೊದಲ ಪ್ರಶ್ನೆ. ಏಕಾಏಕಿ ಬಾಡಿಗೆ ನಿಲ್ಲಿಸಿದರೆ ನಿಮ್ಮನ್ನ ಖಾಲಿ ಮಾಡಿಸೋಕೆ ನೀವೇ ಕಾರಣ ಕೊಟ್ಟ ಹಾಗೆ.

ಇನ್ನೂ ಗೋಡೆ ತೊಳೆದಿಲ್ಲ ತಾನೇ? ಬಾಡಿಗೆದಾರರು ಸೋಲೋದು ಇಲ್ಲೇ. ಬೆಂಕಿ ಎಲ್ಲಿಂದ ಎದ್ದಿತು ಅನ್ನೋದಕ್ಕೆ ಮಸಿಯ ಗುರುತೇ ಸಾಕ್ಷಿ. ಸಾಮಾನ್ಯವಾಗಿ ಅದು ಕೆಳಗೆ ಕಿರಿದಾಗಿ, ಮೇಲೇರಿದಂತೆ ಅಗಲವಾಗುತ್ತೆ. ಆ ಕೆಳತುದಿ ಸಾಕೆಟ್ ಹತ್ತಿರ ಇದೆಯೋ ಒಲೆ ಹತ್ತಿರ ಇದೆಯೋ ಅನ್ನೋದರ ಮೇಲೆ ಖರ್ಚು ಯಾರ ತಲೆಗೆ ಅನ್ನೋ ವಾದ ನಿಲ್ಲುತ್ತೆ. ತೊಳೆದುಬಿಟ್ಟರೆ ಓನರ್ ಹೇಳಿದ್ದೇ ಕಥೆ. ಇನ್ನೊಂದು: ಪಿವಿಸಿ (ವೈರ್ ಮೇಲಿನ ಪ್ಲಾಸ್ಟಿಕ್) ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತೆ, ನೀರು ಸೇರಿದರೆ ಅದು ಆಮ್ಲವಾಗಿ ಸ್ವಿಚ್, ನಲ್ಲಿಗಳ ಲೋಹವನ್ನ ತಿನ್ನುತ್ತೆ. ಒದ್ದೆ ಬಟ್ಟೆಯಂತೂ ಮಸಿಯನ್ನ ಗಾರೆಯೊಳಕ್ಕೇ ಉಜ್ಜಿಬಿಡುತ್ತೆ. ಮೊದಲು ಪ್ರತಿ ಗೋಡೆ, ಚಾವಣಿ, ಸ್ವಿಚ್‌ಬೋರ್ಡಿನ ಫೋಟೋ ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೀರಿ. ಅಗ್ನಿಶಾಮಕ ದಳ ಬಂದಿದ್ದರೆ ವರದಿಯ ಪ್ರತಿ ಕೇಳಿ. ವಿಮೆಯವರು ನೋಡೋ ತನಕ ಸುಟ್ಟ ಸಾಮಾನು ಎಸೀಬೇಡಿ.

ಆಮೇಲೆ ಓನರ್‌ಗೆ ದಿನಾಂಕ ಹಾಕಿ ಬರಹದಲ್ಲೇ ಕೇಳಿ. ಅಗ್ರಿಮೆಂಟ್ ಬೇರೆ ಹೇಳದಿದ್ದರೆ ಗೋಡೆ, ಸ್ಲ್ಯಾಬ್, ಒಳಗಿನ ವೈರಿಂಗ್, ಪೈಪು ಸಾಮಾನ್ಯವಾಗಿ ಅವರ ಪಾಲು. "ರಿಪೇರಿ ಮಾಡಿಸಿ" ಅಂತ ಬರೆದರೆ ಬಣ್ಣದ ಡಬ್ಬಿಯೇ ಬರೋದು, ಹಾಗಾಗಿ ಕೆಲಸ ಹೆಸರಿಸಿ. ಮಾಮೂಲಿ ಪಿವಿಸಿ ವೈರ್ ತಡೆಯೋದು 70 ಡಿಗ್ರಿ ಸೆಲ್ಸಿಯಸ್. ವೈರ್ ಹಾಯೋ ಪೈಪಿನೊಳಗೆ ಅದು ಕರಗಿ ಅಂಟಿಕೊಂಡಿದ್ದರೆ ಹೊರಗೆ ಕಾಣಲ್ಲ. ಪ್ರತಿ ಸರ್ಕ್ಯೂಟ್‌ಗೂ 500 ವೋಲ್ಟ್ ಮೆಗ್ಗರ್ ಪರೀಕ್ಷೆ, ಅಂದರೆ ವೈರ್ ಹೊದಿಕೆಯಿಂದ ಕರೆಂಟ್ ಸೋರುತ್ತಾ ಅಂತ ನೋಡೋ ಪರೀಕ್ಷೆ, ಆಗಲಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಹೊಸ ವೈರ್. ಸುಟ್ಟ ಗೋಡೆಯೊಳಗಿನ ವೈರ್ ಪರೀಕ್ಷೆ ದಾಟಿದರೂ ನಾನಾದರೆ ಬದಲಾಯಿಸಿ ಅಂತಲೇ ಹೇಳ್ತೀನಿ. ಗಾರೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕಿತ್ತು ಹೊಸದು ಹಾಕಿಸಬೇಕು. ಒಳಗಿನ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಶಾಖ ಸುಮಾರು 300 ಡಿಗ್ರಿ ದಾಟಿರಬಹುದು, ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಮುಚ್ಚಬಾರದು. ಬಣ್ಣ ಕೊನೆಗೆ, ಅದೂ ಕಲೆ ತಡೆಯೋ ಶೆಲ್ಯಾಕ್ (ಅರಗಿನ) ಪ್ರೈಮರ್ ಹಾಕಿದ ಮೇಲೆ. ಇಲ್ಲದಿದ್ದರೆ ಹಳದಿ ಕಲೆ, ಹೊಗೆ ವಾಸನೆ ಎರಡೂ ವಾಪಸ್ ಬರುತ್ತೆ.

ನಿಮ್ಮ ಫ್ರಿಜ್, ಬಟ್ಟೆಬರೆ ಓನರ್ ವಿಮೆಗೆ ಸಾಮಾನ್ಯವಾಗಿ ಸೇರಲ್ಲ, ಅದಕ್ಕೆ ನಿಮ್ಮದೇ ಪಾಲಿಸಿ ಬೇಕು. ಬೆಂಕಿ ನಿಮ್ಮ ಅಜಾಗರೂಕತೆಯಿಂದಲೇ ಆಗಿದ್ದರೆ ರಿಪೇರಿ ಖರ್ಚು ಕೇಳೋ ಹಕ್ಕು ಅವರಿಗೆ ಬರಬಹುದು. ಆಗಲೂ ವೈರಿಂಗ್‌ಗೆ ನೀವು ಕೈ ಹಾಕಬೇಡಿ. ಅವರೇ ಮಾಡಿಸಿ ಬಿಲ್ ತೋರಿಸಲಿ.

ಬಾಡಿಗೆ ವಿಷಯಕ್ಕೆ ಬಂದರೆ, ಬಳಸಲಾಗದ ಕೋಣೆಗೆ ತಕ್ಕಷ್ಟು ಕಡಿತ ಕೇಳಿ, ಒಪ್ಪಿದ್ದನ್ನ ಬರೆಸಿಕೊಳ್ಳಿ. ಇರೋಕೇ ಆಗಲ್ಲ ಅಂದರೆ ನೋಟಿಸ್ ಕೊಟ್ಟು ಮನೆ ಖಾಲಿ ಮಾಡಿ, ಕೀಲಿ ಕೊಟ್ಟಿದ್ದಕ್ಕೆ ಸಹಿ ತಗೊಳ್ಳಿ. ಕೀಲಿ ನಿಮ್ಮ ಹತ್ತಿರ ಇದ್ದಷ್ಟು ದಿನವೂ ಬಾಡಿಗೆ ಕೇಳ್ತಾರೆ.