ಚಕ್ಕೆ ಎದ್ದ ಒಂದು ಟೈಲ್‌ಗೆ ನಾಲ್ಕು ಟೈಲ್ ಒಡೆಯಬೇಕಾ?

ಮೇಡಂ, ಕುಕ್ಕರ್ ಬಿದ್ದು ಒಲೆ ಮುಂದಿನ ಟೈಲ್‌ನಲ್ಲಿ ಎಂಟಾಣೆ ಅಗಲ ಚಕ್ಕೆ ಎದ್ದಿದೆ, ಒಳಗಿನ ಕೆಂಪು ಕಾಣುತ್ತಿದೆ, ಮೇಸ್ತ್ರಿ ನಾಲ್ಕು ಟೈಲ್ ಕೀಳಬೇಕು ಅಂತಾರೆ ಅಂದಿರಿ. ಸ್ವಲ್ಪ ತಡೆಯಿರಿ.

ಮೊದಲು ಚಮಚದ ಹಿಡಿಯಿಂದ ಆ ಟೈಲನ್ನು ನಡುವೆ, ಮೂಲೆಗಳಲ್ಲಿ ತಟ್ಟಿ ನೋಡಿ. ಪಕ್ಕದ ಟೈಲ್‌ನಷ್ಟೇ ಗಟ್ಟಿ ಸದ್ದು ಬಂದರೆ ಒಡೆಯುವ ಕೆಲಸವೇ ಇಲ್ಲ. ಡಬ್ ಡಬ್ ಅಂದರೆ ಕೆಳಗೆ ಗಾರೆ ಹಿಡಿದಿಲ್ಲ ಅಂತ. ಆಗ ಏನು ತುಂಬಿದರೂ ಬಿಟ್ಟುಕೊಳ್ಳುತ್ತದೆ, ಬದಲಾಯಿಸಲೇಬೇಕು. ಆದರೂ ಅದೊಂದನ್ನೇ. ಸುತ್ತಲಿನ ಸಂದನ್ನು ಮೊದಲು ಕತ್ತರಿಸಿ, ಆಮೇಲೆ ನಡುವಿನಿಂದ ಅಂಚಿಗೆ ಒಡೆಯುತ್ತಾ ಬಂದರೆ ಪಕ್ಕದವು ಉಳಿಯುತ್ತವೆ. ಮೇಸ್ತ್ರಿಗೆ ಅಷ್ಟು ತಾಳ್ಮೆ ಇರಬೇಕು, ಅಷ್ಟೇ.

ಸದ್ದು ಗಟ್ಟಿ ಇದೆ ಅಂತಲೇ ಇಟ್ಟುಕೊಳ್ಳೋಣ. ವೈಟ್ ಸಿಮೆಂಟ್ ಮೆತ್ತಿ ಅಂತ ಕೆಲವರು ಹೇಳುತ್ತಾರೆ. ಬರೀ ಸಿಮೆಂಟ್ ಅಷ್ಟು ತೆಳ್ಳಗೆ ನಿಲ್ಲುವುದಿಲ್ಲ, ನೆಲ ಒರೆಸುತ್ತಾ ಪುಡಿಯಾಗಿ ಹೋಗುತ್ತದೆ. ಪೈಪ್ ಸೋರಿದರೆ ಕಲಸಿ ಮೆತ್ತುವ ಎಂ-ಸೀಲ್ ನಿಲ್ಲುತ್ತದೆ, ಆದರೆ ಆ ಬೂದು ಬಣ್ಣ ಕಣ್ಣಿಗೆ ಹೊಡೆಯುತ್ತದೆ. ನನ್ನ ಆಯ್ಕೆ ಎರಡು ಟ್ಯೂಬಿನಲ್ಲಿ ಬರುವ ಅರಾಲ್ಡೈಟ್ ಅಂಟು. ಆ ಅಂಟಿಗೇ ವೈಟ್ ಸಿಮೆಂಟ್ ಪುಡಿ ಬೆರೆಸಿ ಬಣ್ಣ ತರಬಹುದು. ಕೆನೆ ಬಣ್ಣಕ್ಕೆ ಚಿಟಿಕೆ ಹಳದಿ ಆಕ್ಸೈಡ್, ಕಂದು ಬೇಕಾದರೆ ರೆಡ್ ಆಕ್ಸೈಡ್. ಹಳೇ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದರಲ್ಲ, ಅದೇ ಪುಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಚಕ್ಕೆ ಎದ್ದ ಜಾಗದ ಸುಟ್ಟ ಮಣ್ಣು ನೀರು, ಎಣ್ಣೆ ಎರಡನ್ನೂ ಹೀರುತ್ತದೆ. ಅಡುಗೆಮನೆ ಬೇರೆ. ಪಾತ್ರೆ ಸೋಪು, ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ಆಸಿಡ್ ಮಾತ್ರ ಬೇಡ, ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ಒಣಗಿದ ಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಆಗ ಒಲೆ ಆರಿರಲಿ, ಕಿಟಕಿ ತೆರೆದಿರಲಿ.

ಚಕ್ಕೆಯ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ. ಕೈಗವಸು ಹಾಕಿಕೊಳ್ಳಿ, ಈ ಅಂಟು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಎರಡೂ ಟ್ಯೂಬಿನಿಂದ ಸಮ ಸಮ ತೆಗೆದು ಚೆನ್ನಾಗಿ ಕಲಸಿ. ಇಲ್ಲಿ ಹೆಚ್ಚುಕಮ್ಮಿ ಆದರೆ ಎಷ್ಟು ದಿನ ಕಾದರೂ ಜಿಗುಟು ಹೋಗುವುದಿಲ್ಲ. ಆಮೇಲೆ ಪುಡಿ ಸೇರಿಸಿ, ಆದರೆ ಅಂಟಿಗಿಂತ ಜಾಸ್ತಿ ಬೇಡ. ಬಣ್ಣವನ್ನು ಹಗಲು ಬೆಳಕಿನಲ್ಲೇ ನೋಡಿ, ಟ್ಯೂಬ್‌ಲೈಟ್ ನಂಬಬೇಡಿ. ಅರಾಲ್ಡೈಟ್‌ನಲ್ಲಿ ಐದು ನಿಮಿಷಕ್ಕೆ ಗಟ್ಟಿಯಾಗುವ ಕ್ಲಿಯರ್ ಅನ್ನುವುದನ್ನು ತಂದರೆ ಬಣ್ಣ ಹೊಂದಿಸುವಷ್ಟರಲ್ಲೇ ಕೂತುಬಿಡುತ್ತದೆ. ನಿಧಾನಕ್ಕೆ ಗಟ್ಟಿಯಾಗುವ ಸ್ಟ್ಯಾಂಡರ್ಡ್ ತನ್ನಿ.

ಬೆಂಕಿಕಡ್ಡಿಯಲ್ಲಿ ಒತ್ತಿ ತುಂಬಿ, ಕೂದಲೆಳೆಯಷ್ಟು ಮೇಲೇಳಲಿ. ಕೆಲವು ಗಂಟೆ ಬಿಟ್ಟು ಉಗುರು ಒತ್ತಿ ನೋಡಿ. ರಬ್ಬರಿನ ಹದಕ್ಕೆ ಬಂದಾಗ ಟೇಪ್ ಕಿತ್ತು, ಹೊಸ ಬ್ಲೇಡನ್ನು ಟೈಲ್ ಮೇಲೆ ಮಲಗಿಸಿ ಹೆಚ್ಚಾದದ್ದನ್ನು ಸವರಿ ತೆಗೆಯಿರಿ. ಪೂರ್ತಿ ಗಟ್ಟಿಯಾಗಲು ಬಿಟ್ಟು ಆಮೇಲೆ ಎಮರಿ ಕಾಗದ ಉಜ್ಜಿದರೆ ಸುತ್ತಲಿನ ಹೊಳಪೂ ಹೋಗುತ್ತದೆ. 24 ಗಂಟೆ ಅಲ್ಲಿ ನೀರು ಬೀಳಬಾರದು, ಕಾಲೂ ಇಡಬೇಡಿ. ಮುಂದೆಯೂ ಬಿಸಿ ಬಾಣಲೆ ಅದರ ಮೇಲೆ ಇಡಬೇಡಿ, ಅಂಟು ಮೆತ್ತಗಾಗುತ್ತದೆ.

ಒಂದೇ ಬಿರುಕು ಎರಡು ಮೂರು ಟೈಲ್ ದಾಟಿ ನೇರ ಹೋಗಿದ್ದರೆ ಇದೆಲ್ಲ ಸುಮ್ನೆ ದಂಡ. ಆಗ ಕೆಳಗಿನ ನೆಲವೇ ಅಲುಗಿದೆ, ಅದನ್ನು ತೋರಿಸಿ. ಇನ್ನು ಬದಲಾಯಿಸುವುದೇ ಆದರೆ ಅಟ್ಟದಲ್ಲಿ ಉಳಿದ ಟೈಲ್ ಪೆಟ್ಟಿಗೆ ಇದೆಯಾ ನೋಡಿ. ಇಲ್ಲದಿದ್ದರೆ ಅದೇ ಮಾಡೆಲ್ ಹೊಸದಾಗಿ ತಂದರೂ ಶೇಡ್ ಬೇರೆಯಾಗಬಹುದು.