ಜೀನ್ ಬಾಯಿ ಮುಚ್ಚಿಸಿದರೆ ಹೂವು ಏನಾಗುತ್ತದೆ?

ಪ್ರಶ್ನೆ: ಯಾವ ಜೀನ್ ಹೂವಿನ ಯಾವ ಭಾಗ ಮಾಡುತ್ತದೆ ಎಂದು ತಿಳಿಯಲು ಗಿಡಕ್ಕೆ ವೈರಸ್ ಹಾಕುತ್ತಾರಂತೆ. ರೋಗ ತರುವ ವೈರಸ್‌ನಿಂದ ಇದು ಗೊತ್ತಾಗುವುದು ಹೇಗೆ? ಹೂವಿನ ವಿಕಾಸಕ್ಕೂ ಇದಕ್ಕೂ ಏನು ಸಂಬಂಧ? ಹೀಗೆ ಮಾಡಿದ ಗಿಡ ಕುಲಾಂತರಿಯೇ?
– ಬಿಎಸ್ಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದಿರಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವಾಗ ನನಗೆ ಬಹಳ ಇಷ್ಟವಾಗಿದ್ದ ಪಾಠ ಇದು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗಿಡಕ್ಕೆ ರಕ್ತವಿಲ್ಲ, ಬಿಳಿ ರಕ್ತಕಣಗಳೂ ಇಲ್ಲ. ಆದರೂ ಅದು ವೈರಸ್ ಜೊತೆ ಹೋರಾಡುತ್ತದೆ. ವೈರಸ್ ಬೆಳೆಯುವಾಗ ಎರಡೆಳೆಯ ಆರ್‌ಎನ್‌ಎ ಉಂಟಾಗುತ್ತದೆ. ಜೀವಕೋಶ ಅದನ್ನು ಗುರುತಿಸಿ, 21ರಿಂದ 24 ಅಕ್ಷರಗಳಷ್ಟು (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿ ಒಂದೊಂದು ಅಕ್ಷರ) ಪುಟ್ಟ ತುಂಡುಗಳಾಗಿ ಕತ್ತರಿಸುತ್ತದೆ. ಆಮೇಲೆ ಆ ತುಂಡಿಗೆ ಹೊಂದುವ ಆರ್‌ಎನ್‌ಎ ಎಲ್ಲಿ ಸಿಕ್ಕಿದರೂ ಬಿಡುವುದಿಲ್ಲ. ಈಗ ಆ ವೈರಸ್ ಒಳಗೆ ಗಿಡದ್ದೇ ಒಂದು ಜೀನಿನ ತುಂಡು ಸೇರಿಸಿ ಕಳಿಸಿದರೆ? ಗಿಡ ವೈರಸ್ ಜೊತೆಗೆ ತನ್ನ ಆ ಜೀನಿನ ಸಂದೇಶವನ್ನೂ (ಅದೂ ಆರ್‌ಎನ್‌ಎಯೇ) ಕತ್ತರಿಸಿ ಹಾಕುತ್ತದೆ. ಜೀನ್ ಡಿಎನ್‌ಎಯಲ್ಲಿ ಹಾಗೇ ಇರುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಹೂವಿನಲ್ಲಿ ಏನು ಕೆಟ್ಟಿತು ಎಂದು ನೋಡಿದರೆ ಆ ಜೀನ್ ಮಾಡುತ್ತಿದ್ದ ಕೆಲಸ ತಿಳಿಯುತ್ತದೆ.

ಜೀನ್ ಹೀಗೆ ಸುಮ್ಮನಾಗುವುದು 1990ರಲ್ಲಿ ಪೆಟೂನಿಯಾ ಹೂವಿನಲ್ಲಿ ಎದ್ದು ಕಂಡಿತು. ನೇರಳೆ ಬಣ್ಣ ಇನ್ನೂ ಗಾಢವಾಗಲಿ ಎಂದು ಅಮೆರಿಕದ ವಿಜ್ಞಾನಿಗಳು ಬಣ್ಣದ ಜೀನಿನ ಇನ್ನೊಂದು ಪ್ರತಿಯನ್ನು ಸೇರಿಸಿದ್ದರು. ಕೆಲವು ಗಿಡಗಳಲ್ಲಿ ಹೂವು ಬೆಳ್ಳಗೇ ಅರಳಿತು!

ಹೂವಿನ ಕೆಲಸಕ್ಕೆ ಜಾಸ್ತಿ ಬಳಸುವುದು ಟೊಬ್ಯಾಕೊ ರ‍್ಯಾಟಲ್ ವೈರಸ್. ಅದು ಕುಡಿಯ ತನಕ ಹೋಗುತ್ತದೆ. ಹೂವು ಹುಟ್ಟುವುದು ಅಲ್ಲೇ ಅಲ್ವಾ? ಅದನ್ನು ಗಿಡದೊಳಗೆ ಸೇರಿಸಲು ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಸಹಾಯ ಪಡೆಯುತ್ತಾರೆ.

ವಿಕಾಸದ ಮಾತಿಗೆ ಗಸಗಸೆ ಗಿಡವನ್ನೇ ತೆಗೆದುಕೊಳ್ಳೋಣ. ಪಾಯಸಕ್ಕೆ ಹಾಕುತ್ತೇವಲ್ಲ, ಅದೇ ಗಸಗಸೆ. ಈ ವಿಧಾನ ಅದರಲ್ಲೂ ನಡೆಯುತ್ತದೆ ಎಂದು 2005ರಲ್ಲಿ ತೋರಿಸಿದರು. ಹೂವಿನ ಸಂಶೋಧನೆಯಲ್ಲಿ ಎಲ್ಲರೂ ಮೊದಲು ನೋಡುವ ಗಿಡ ಅರಬಿಡಾಪ್ಸಿಸ್, ಸಾಸಿವೆ ಕುಟುಂಬದ ಪುಟ್ಟ ಕಳೆ. ಅದರಲ್ಲಿ ಎಪಿ3 ಎಂಬ ಒಂದೇ ಜೀನ್ ಎಸಳಿಗೂ ಬೇಕು, ಕೇಸರಕ್ಕೂ ಬೇಕು. ಅದು ಕೆಟ್ಟರೆ ಎಸಳಿನ ಜಾಗದಲ್ಲಿ ಹಸಿರು ಪುಷ್ಪಪತ್ರ ಬರುತ್ತದೆ, ಕೇಸರದ ಜಾಗದಲ್ಲಿ ಬೀಜ ಕಟ್ಟುವ ಹೆಣ್ಣುಭಾಗ. ಗಸಗಸೆಯಲ್ಲಿ ಈ ಜೀನಿನ ಎರಡು ಪ್ರತಿಗಳಿವೆ. 2007ರಲ್ಲಿ ಒಂದೊಂದನ್ನೇ ಸುಮ್ಮನಾಗಿಸಿ ನೋಡಿದರು. ಮೊದಲನೆಯದು ನಿಂತಾಗ ಕೆಟ್ಟದ್ದು ಮುಖ್ಯವಾಗಿ ಎಸಳು. ಎರಡನೆಯದು ನಿಂತಾಗ ಕೇಸರ. ಅಂದರೆ ಗಸಗಸೆಯ ಪೂರ್ವಜರಲ್ಲಿ ಯಾವಾಗಲೋ ಜೀನ್ ಇಮ್ಮಡಿಯಾಗಿ, ಒಬ್ಬರು ಮಾಡುತ್ತಿದ್ದ ಕೆಲಸವನ್ನು ಇಬ್ಬರು ಹಂಚಿಕೊಂಡರು. ಎಸಳು ಬದಲಾಗಬೇಕಾದರೆ ಇನ್ನು ಕೇಸರಕ್ಕೆ ತೊಂದರೆ ಆಗಬೇಕಿಲ್ಲ. ಹೂವುಗಳಲ್ಲಿ ಇಷ್ಟೊಂದು ವೈವಿಧ್ಯ ಬಂದದ್ದಕ್ಕೆ ಇದೂ ಒಂದು ದಾರಿ ಎಂದು ನಾನು ನಂಬುತ್ತೇನೆ. ಬರೀ ಪಳೆಯುಳಿಕೆ ನೋಡಿ ಇದನ್ನು ಹೇಳಲು ಆಗುತ್ತಿರಲಿಲ್ಲ.

ಹಿಮಾಲಯದಲ್ಲೂ ಬೆಳೆಯುವ ಕೊಲಂಬೈನ್ ಎಂಬ ಗಿಡದಲ್ಲಿ ಇದೇ ಜೀನಿನ ಮೂರು ಪ್ರತಿಗಳಿವೆ. ಅದರಲ್ಲೊಂದು ಎಸಳಿಗೇ ಮೀಸಲು. ಆ ಕುಟುಂಬದಲ್ಲಿ ಎಸಳು ಕಳೆದುಕೊಂಡ ಗಿಡಗಳಲ್ಲಿ ಹೆಚ್ಚಿನವುಗಳಲ್ಲಿ ಆ ಪ್ರತಿಯೇ ಕೆಟ್ಟಿದೆ ಅಥವಾ ಕಾಣೆಯಾಗಿದೆ ಎಂದು 2013ರಲ್ಲಿ ಗೊತ್ತಾಯಿತು.

ಒಂದು ಎಚ್ಚರಿಕೆ. ಈ ವಿಧಾನದಲ್ಲಿ ಜೀನ್ ಇಡೀ ಗಿಡದಲ್ಲಿ ಒಂದೇ ಸಮ ನಿಲ್ಲುವುದಿಲ್ಲ, ಅಲ್ಲಲ್ಲಿ ನಿಲ್ಲುತ್ತದೆ. ಅದಕ್ಕೇ ಕೊಲಂಬೈನ್‌ನಲ್ಲಿ ಬಣ್ಣದ ಜೀನಿನ ತುಂಡನ್ನೂ ಜೊತೆಗೆ ಸೇರಿಸುತ್ತಾರೆ. ಬಣ್ಣ ಹೋದ ಕಡೆ ಪರೀಕ್ಷೆ ನಡೆದಿದೆ ಎಂದು ಅರ್ಥ. ಗಿಡದ ಜೀನ್ ಸೇರಿಸದ ಖಾಲಿ ವೈರಸ್ಸನ್ನೂ ಬೇರೆ ಗಿಡಗಳಿಗೆ ಹಾಕಿ ನೋಡಲೇಬೇಕು. ಇಲ್ಲದಿದ್ದರೆ ಹೂವು ಕೆಟ್ಟದ್ದು ಜೀನ್ ನಿಂತದ್ದರಿಂದಲೋ ಬರೀ ಸೋಂಕಿನಿಂದಲೋ ಹೇಗೆ ಹೇಳುವುದು? ಖಾಲಿ ವೈರಸ್‌ನ ಫೋಟೊ ಇಲ್ಲದ ಸಂಶೋಧನೆಯನ್ನು ನಾನಂತೂ ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ.

ಕುಲಾಂತರಿಯೇ ಎಂದು ಕೇಳಿದಿರಿ. ಗಿಡದ ಸ್ವಂತ ಡಿಎನ್‌ಎ ಬದಲಾಗುವುದಿಲ್ಲ, ಸಾಮಾನ್ಯವಾಗಿ ಬೀಜದಿಂದ ಬಂದ ಮರಿಗಿಡದ ಹೂವು ಮಾಮೂಲಾಗಿಯೇ ಇರುತ್ತದೆ. ಆದರೆ ಬಳಸುವ ವೈರಸ್ ಮತ್ತು ಬ್ಯಾಕ್ಟೀರಿಯಾ ಮಾರ್ಪಡಿಸಿದವು. ಹಾಗಾಗಿ ಕಾಲೇಜಿನಲ್ಲಿ ಮಾಡುವುದಾದರೆ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಗಸಗಸೆಯಂತೂ ಬೇಡ. ಲೈಸೆನ್ಸ್ ಇಲ್ಲದೆ ಅದನ್ನು ಬೆಳೆಯುವುದು ನಮ್ಮ ದೇಶದಲ್ಲಿ ಅಪರಾಧ. ಪೆಟೂನಿಯಾ ಸಾಕು.

ಅಲ್ಲಿಯವರೆಗೆ ಹಿತ್ತಲಿನಿಂದ ಒಂದು ಸುತ್ತುದಾಸವಾಳ ಕಿತ್ತು ಎಸಳುಗಳನ್ನು ಒಂದೊಂದಾಗಿ ಬಿಡಿಸಿ. ಒಳಗಿನ ಕೆಲವು ಎಸಳುಗಳ ಅಂಚಿನಲ್ಲಿ ಪರಾಗದ ಚೀಲ ಅಂಟಿಕೊಂಡಿರುತ್ತದೆ. ಅರ್ಧ ಎಸಳು, ಅರ್ಧ ಕೇಸರ. ಅದರ ಚಿತ್ರ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದರಿಂದಲೇ ಶುರು ಮಾಡುತ್ತೇನೆ.